ಕೊಳವೆಯ ಆ ತುದಿ

ನನ್ನ ಕಾರ್ಯಾಗಾರದ ಗೋಡೆಯ ಮೇಲೆ, ಮೈಕ್ರೋಮೀಟರಿನ ಮರದ ಪೆಟ್ಟಿಗೆಗೂ ವರ್ನಿಯರ್ ಕ್ಯಾಲಿಪರಿಗೂ ನಡುವೆ, ಅವುಗಳ ಸಾಲಿನಲ್ಲಿ ಕೂರುವ ಯಾವ ಯೋಗ್ಯತೆಯೂ ಇಲ್ಲದಂತೆ ಕಾಣುವ ಒಂದು ಪ್ಲಾಸ್ಟಿಕ್ ಕೊಳವೆ ಸುರುಳಿ ಸುತ್ತಿಕೊಂಡು ನೇತಾಡುತ್ತದೆ. ಕಿರುಬೆರಳಿನ ದಪ್ಪ, ನಲವತ್ತು ಅಡಿ ಉದ್ದ. ಹುಟ್ಟುವಾಗ ಪಾರದರ್ಶಕವಾಗಿದ್ದದ್ದು ಈಗ ಹಳೆಯ ತುಪ್ಪದ ಬಣ್ಣಕ್ಕೆ ತಿರುಗಿದೆ, ಒಂದು ಕಡೆ ಸಿಮೆಂಟಿನ ಬೆರಳಚ್ಚು ಒಣಗಿ ಅಂಟಿದೆ. ಬಂದವರೆಲ್ಲ ಮೊದಲು ಲೋಹ ಕಡೆಯುವ ಲೇತ್ ಯಂತ್ರವನ್ನು ನೋಡಿ, ಸವರಿ, ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ’ ಎಂಬ ಮಾತನ್ನು ಮರ್ಯಾದೆಗೆ ನುಂಗಿಕೊಂಡು, ಕೊನೆಗೆ ಈ ಕೊಳವೆಯ ಹತ್ತಿರ ನಿಂತು, ಇದು ಗಿಡಗಳಿಗೆ ನೀರು ಬಿಡುವುದಕ್ಕೋ ಎಂದು ಕೇಳುತ್ತಾರೆ. ಅಲ್ಲ, ಅದೂ ಒಂದು ಅಳತೆಯ ಸಾಧನ, ಈ ಗೋಡೆಯ ಮೇಲಿರುವುದರಲ್ಲೆಲ್ಲ ನಾನು ಹೆಚ್ಚು ಹೆದರುವುದು ಅದಕ್ಕೇ ಎಂದರೆ ನಗುತ್ತಾರೆ. ನೀವೂ ನಗುವ ಮುನ್ನ ಸ್ವಲ್ಪ ಕುಳಿತುಕೊಳ್ಳಿ. ಸ್ಟೂಲು ಗಟ್ಟಿಯಾಗಿದೆ, ನಾನೇ ಮಾಡಿದ್ದು.

ಮೂವತ್ತೊಂದು ವರ್ಷ ನಾನು ಕೈಗಾರಿಕಾ ತರಬೇತಿ ಶಾಲೆಯೊಂದರಲ್ಲಿ ಅಳತೆ ಕಲಿಸಿದವಳು. ಸೀರೆಯ ಮೇಲೆ ಖಾಕಿ ಕೋಟು ತೊಟ್ಟುಕೊಂಡು, ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ, ಅದರಲ್ಲಿ ಒಂದೇ ಒಂದು ಪಾಲಿಗಾಗಿ ದಿನವಿಡೀ ಜಗಳವಾಡುವುದು ನನ್ನ ಉದ್ಯೋಗವಾಗಿತ್ತು. ಶಾಲೆಯಲ್ಲಿ ನನ್ನ ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದರೋ ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅಷ್ಟು ವರ್ಷವೂ ನಾನು ಮುಟ್ಟಿದ ಯಂತ್ರಗಳೆಲ್ಲ ಸರ್ಕಾರದವು. ಅಡುಗೆಮನೆಯಲ್ಲಿ ನನ್ನದೇ ಎನ್ನುವ ಒಂದು ಒಗ್ಗರಣೆ ಸೌಟಿತ್ತೇ ಹೊರತು ನನ್ನದೇ ಎನ್ನುವ ಒಂದು ಲೇತ್ ಇರಲಿಲ್ಲ. ನಿವೃತ್ತಿಯಾದ ವರ್ಷವೇ ಯಶವಂತಪುರದ ಒಂದು ಹಳೆಯ ಶೆಡ್ಡಿನಲ್ಲಿ, ಬಾಗಿಲು ಮುಚ್ಚಲು ಹೊರಟಿದ್ದ ಮಾಲೀಕರೊಬ್ಬರ ಬಳಿ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ, ನನ್ನಂತೆಯೇ ಸ್ವಲ್ಪ ಸದ್ದು ಮಾಡುವ, ಆದರೆ ಕೆಲಸದಲ್ಲಿ ಎಳ್ಳಷ್ಟೂ ಸೋಲದ ಒಂದು ಯಂತ್ರ ಕಣ್ಣಿಗೆ ಬಿತ್ತು. ನೋಡಿದ ಕ್ಷಣವೇ ಅದಕ್ಕೊಂದು ಮನೆ ಕಟ್ಟಬೇಕೆಂದು ತೀರ್ಮಾನಿಸಿದೆ. ನಾವೂ ಅಲ್ಲೇ ಇದ್ದರಾಯಿತು.

ಹೀಗೆ ರಾಜಾನುಕುಂಟೆಯಿಂದ ಎರಡು ಮೈಲಿ ಆಚೆ, ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಬಡಾವಣೆಯಾಗಲು ಕಲ್ಲು ನೆಡಿಸಿಕೊಂಡು ಕೂತಿರುವ ಬಯಲು, ಇವೆರಡರ ನಡುವೆ ನಮ್ಮ ಮನೆ ಎದ್ದಿತು. ಮುಂದೆ ಮೂವತ್ತು ಅಡಿ ಉದ್ದದ ಕಾರ್ಯಾಗಾರ, ಪಕ್ಕದಲ್ಲಿ ಅದಕ್ಕೆ ಆತುಕೊಂಡಂತೆ ಎರಡು ಕೋಣೆ, ಒಂದು ಅಡುಗೆಮನೆ. ನಕ್ಷೆ ನೋಡಿದ ನಮ್ಮ ಯಜಮಾನರು, ‘ನಾನು ಯಂತ್ರದ ಬಾಡಿಗೆದಾರನೋ ಹೇಗೆ?’ ಎಂದು ಕೇಳಿದರು. ಬಾಡಿಗೆದಾರರಿಗೆ ಅಡುಗೆಮನೆ ದೊಡ್ಡದಾಗಿ ಕೊಟ್ಟಿದ್ದೇನೆ, ಅಡುಗೆ ಅವರದೇ ತಾನೆ, ಎಂದೆ. ಅವರು ಒಪ್ಪಿದರು.

ಮನೆಯನ್ನು ಪೂರ್ತಿಯಾಗಿ ಒಬ್ಬರಿಗೆ ಒಪ್ಪಿಸಿ ಬೀಗದ ಕೈ ಇಸಿದುಕೊಳ್ಳುವ ಪದ್ಧತಿ ಈಗ ಎಲ್ಲೆಲ್ಲೂ ಇದೆ. ನಾನು ಒಪ್ಪಲಿಲ್ಲ. ಬೇರೆಯವರ ಕೆಲಸಕ್ಕೆ ಅಂಕ ಹಾಕಿಯೇ ಜೀವನ ಸವೆಸಿದವಳು ನನ್ನ ಮನೆಯ ಕೆಲಸಕ್ಕೆ ಅಂಕ ಹಾಕದೆ ಇರುವುದುಂಟೇ? ಪಾಯಕ್ಕೊಬ್ಬರು, ಗೋಡೆಗೊಬ್ಬರು, ಕಬ್ಬಿಣ ಕಟ್ಟಲೊಬ್ಬರು, ಕರೆಂಟಿಗೆ, ನಲ್ಲಿಗೆ, ಗಾರೆಗೆ, ನೆಲಕ್ಕೆ ಎಂದು ಬೇರೆ ಬೇರೆ ಜನರನ್ನು ಹಿಡಿದು, ಅವರೆಲ್ಲರ ನಡುವೆ ನಾನೇ ದಾರವಾಗಿ ಓಡಾಡುತ್ತೇನೆಂದು ಧೈರ್ಯವಾಗಿ ಇಳಿದೆ. ಅಲ್ಲಾಳಸಂದ್ರದ ಬಾಡಿಗೆ ಮನೆಯಿಂದ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ದೊಡ್ಡಬಳ್ಳಾಪುರ ರಸ್ತೆ ಹಿಡಿದು ಹೊರಟರೆ, ಡಿಕ್ಕಿಯಲ್ಲಿ ಒಂದು ಕಡೆ ಊಟದ ಡಬ್ಬಿ, ಇನ್ನೊಂದು ಕಡೆ ಬಟ್ಟೆಯಲ್ಲಿ ಸುತ್ತಿದ ನನ್ನ ರಸಮಟ್ಟ. ಗಾಜಿನ ನಳಿಕೆಯೊಳಗೆ ಗುಳ್ಳೆ ಓಡಾಡುತ್ತದಲ್ಲ, ಅದೇ; ಒಂದು ಅಡಿ ಉದ್ದದ್ದು, ಆದರೆ ಅಡಿಯಲ್ಲಿ ಒಂದು ಹಾಳೆ ತೂರಿಸಿದರೂ ಗುಳ್ಳೆ ಮುನಿಸಿಕೊಂಡು ಪಕ್ಕಕ್ಕೆ ಹೋಗುವಷ್ಟು ಸೂಕ್ಷ್ಮದ್ದು. ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಉಡುಗೊರೆ.

ಬೇರೆ ಬೇರೆಯವರಿಂದ ಕೆಲಸ ಮಾಡಿಸುವ ಈ ಲೋಕದಲ್ಲಿ ಒಂದು ಸಂಪ್ರದಾಯವಿದೆ. ಅದನ್ನು ಮೊದಲ ತಿಂಗಳಲ್ಲೇ ಗುರುತಿಸಿದೆ. ಹೊಸದಾಗಿ ಬಂದ ಕೆಲಸಗಾರ ಕೈಚೀಲ ಕೆಳಗಿಡುವ ಮುಂಚೆ ಸೊಂಟದ ಮೇಲೆ ಕೈಯಿಟ್ಟು, ಹಿಂದಿನವರ ಕೆಲಸವನ್ನು ಮೇಲಿಂದ ಕೆಳಕ್ಕೊಮ್ಮೆ ನೋಡಿ, ನಾಲಗೆಯಿಂದ ಲೊಚಗುಟ್ಟಿ, ‘ಯಾರ್ ಮೇಡಂ ಇದು ಮಾಡಿದ್ದು?’ ಎಂದು ಕೇಳಬೇಕು. ಕಬ್ಬಿಣ ಕಟ್ಟುವವರು ಪಾಯ ನೋಡಿ ಕೇಳಿದರು. ಕರೆಂಟಿನವರು ಗೋಡೆ ನೋಡಿ ಕೇಳಿದರು. ಗಾರೆಯವರು ಕರೆಂಟಿನವರು ಕೊರೆದ ಜಾಡು ನೋಡಿ ಕೇಳಿದ ರೀತಿಗೆ, ಪೊಲೀಸರನ್ನೇ ಕರೆಸಬೇಕೇನೋ ಎಂದು ನನಗೆ ಭಯವಾಯಿತು. ಮೊದಮೊದಲು ನಾನು ಉತ್ತರ ಕೊಡುತ್ತಿದ್ದೆ. ಆಮೇಲೆ ತಿಳಿಯಿತು, ಅದು ಪ್ರಶ್ನೆಯೇ ಅಲ್ಲ. ಹಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ. ಇವರನ್ನೇ ಏಕೆ ಆಡಿಕೊಳ್ಳಬೇಕು? ಹೊಸ ವೈದ್ಯರು ಹಳೆಯ ವೈದ್ಯರ ಚೀಟಿ ಹಿಡಿದು ಹುಬ್ಬೇರಿಸುವುದಿಲ್ಲವೇ? ಸೊಸೆ ಬಂದವಳು ಅತ್ತೆಯ ಡಬ್ಬಿಗಳ ಸಾಲು ನೋಡಿ ನಿಟ್ಟುಸಿರು ಬಿಡುವುದಿಲ್ಲವೇ? ನಾನೇ ಪ್ರತಿ ವರ್ಷ ಎರಡನೆಯ ವರ್ಷದ ತರಗತಿಗೆ ಕಾಲಿಟ್ಟ ಮೊದಲ ದಿನ, ‘ನಿಮಗೆ ಕಬ್ಬಿಣ ಉಜ್ಜೋ ಫೈಲ್ ಹಿಡಿಯೋದು ಹೇಳಿಕೊಟ್ಟೋರು ಯಾರು?’ ಎಂದೇ ಪಾಠ ಆರಂಭಿಸುತ್ತಿದ್ದೆ. ಹಿಂದಿನವರ ತಪ್ಪಿನ ಮೇಲೆ ನಿಂತುಕೊಂಡರೆ ನಮ್ಮ ಎತ್ತರ ನಮಗೇ ಚೆನ್ನಾಗಿ ಕಾಣುತ್ತದೆ.

ಈ ಸಂಪ್ರದಾಯಕ್ಕೆ ಹೊರಗಾಗಿದ್ದವರು ಒಬ್ಬರೇ, ಗೋಡೆಯ ಮೇಸ್ತ್ರಿ ಮುನಿರಾಜಪ್ಪ. ಪಕ್ಕದ ಹಳ್ಳಿಯವರು, ಅರವತ್ತು ದಾಟಿದವರು, ಮಾತು ಕಡಿಮೆ, ಬೀಡಿ ಹೆಚ್ಚು. ಅವರ ಆಸ್ತಿಯೇ ಈ ಕೊಳವೆ. ಅದರಲ್ಲಿ ನೀರು ತುಂಬಿಸಿ, ಗಾಳಿಗುಳ್ಳೆ ಉಳಿಯದಂತೆ ಎತ್ತಿ ಇಳಿಸಿ, ಒಂದು ತುದಿ ತಾವು ಹಿಡಿದು ಇನ್ನೊಂದು ತುದಿಯನ್ನು ಕೆಲಸದವರ ಕೈಗೆ ಕೊಟ್ಟು ದೂರದ ಗೋಡೆಗೆ ಕಳಿಸುತ್ತಿದ್ದರು. ಎರಡೂ ತುದಿಗಳಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು. ಗುರುತಿಂದ ಗುರುತಿಗೆ ನೀಲಿ ಪುಡಿ ಬಳಿದ ದಾರ ಬಿಗಿದು ಮಿಡಿದರೆ ಎದೆಯೆತ್ತರದಲ್ಲಿ ಒಂದು ಗೆರೆ. ಇದೇ ಮಟ್ಟದ ಗೆರೆ. ಮುಂದೆ ಬರುವವರೆಲ್ಲ, ಬಾಗಿಲಿನವರು, ಕಿಟಕಿಯವರು, ನೆಲದವರು, ಆ ಗೆರೆಯಿಂದ ಕೆಳಕ್ಕೋ ಮೇಲಕ್ಕೋ ಅಳೆದು ಕೆಲಸ ಹಿಡಿಯಬೇಕು. ನಾನು ನನ್ನ ರಸಮಟ್ಟ ಬಿಚ್ಚಿ ತೋರಿಸಿ, ‘ಈ ಕಾಲದಲ್ಲೂ ಕೊಳವೆನೇನಾ, ಮೇಸ್ತ್ರಿ?’ ಎಂದು ರೇಗಿಸಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು, ಮಗುವಿನ ಬೆಳ್ಳಿ ಲೋಟ ನೋಡುವವರಂತೆ ತಿರುಗಿಸಿ ನೋಡಿ ವಾಪಸು ಕೊಟ್ಟರು. ‘ಚೆಂದಾಗೈತೆ ಕಣಮ್ಮ. ಆದ್ರೆ ಇದು ಒಂದಡಿ ನೋಡ್ತದೆ. ನನ್ ನೀರು ಮನೆಯೆಲ್ಲ ನೋಡ್ತದೆ.’

ಮಾತು ಚೆನ್ನಾಗಿದೆ ಎಂದುಕೊಂಡೆ. ಮಾತಾಗಿ ಚೆನ್ನಾಗಿದೆ ಎಂದಷ್ಟೇ.

ಗಾರೆಯವರು ಬಂದು ಗೋಡೆಗೆ ಗಾರೆ ಬಳಿದಾಗ ಆ ನೀಲಿ ಗೆರೆ ಮುಚ್ಚಿಹೋಯಿತು. ಅದು ಸಹಜ, ಗಾರೆ ಒಣಗಿದ ಮೇಲೆ ಮೇಸ್ತ್ರಿ ಮತ್ತೆ ಬಂದು ಗೆರೆ ಎಳೆದುಕೊಡುವುದು ವಾಡಿಕೆ. ಅಷ್ಟರಲ್ಲಿ ಮುನಿರಾಜಪ್ಪನವರಿಗೆ ಮೊಮ್ಮಗಳ ನಾಮಕರಣ. ‘ಎಲ್ಡು ದಿನ ತಡ್ಕಳಿ, ಬಂದ್ ಎಳ್ಕೊಡ್ತೀನಿ’ ಎಂದು ಫೋನಿನಲ್ಲಿ ಹೇಳಿದರು. ಇತ್ತ ನೆಲದ ಕೆಲಸದ ಬಾಷಾ ಭಾಯಿ ಮರುದಿನವೇ ಬರುವವರಿದ್ದರು. ಅತ್ತ ಯಶವಂತಪುರದ ಶೆಡ್ಡು ತಿಂಗಳ ಕೊನೆಗೆ ಖಾಲಿಯಾಗಬೇಕು, ನೆಲ ಗಟ್ಟಿಯಾಗಲು ಮೂರು ವಾರ ಬೇಕು, ಯಂತ್ರ ಬೀದಿಯಲ್ಲಿ ನಿಲ್ಲುವಂತಿಲ್ಲ. ಮೂವತ್ತೊಂದು ವರ್ಷ ಅಳತೆ ಕಲಿಸಿದವಳು ಒಂದು ಗೆರೆಗಾಗಿ ಎರಡು ದಿನ ಕಾಯುವುದೇ? ರಸಮಟ್ಟ ಕೈಗೆತ್ತಿಕೊಂಡೆ. ಬಡಗಿಯ ದಪ್ಪ ಪೆನ್ಸಿಲಿನಿಂದ ಬಾಗಿಲ ಪಕ್ಕದಲ್ಲಿ ಶುರುಮಾಡಿ, ಗುಳ್ಳೆಯನ್ನು ನಡುವೆ ನಿಲ್ಲಿಸಿ ಒಂದಡಿ ಎಳೆದು, ಆ ಗೆರೆಯ ತುದಿಗೆ ಮಟ್ಟವನ್ನು ತಾಗಿಸಿ ಮುಂದಿನ ಅಡಿ ಎಳೆದು, ಹೀಗೆ ಎಡಗೋಡೆ ಮುಗಿಸಿದೆ. ಮತ್ತೆ ಬಾಗಿಲಿಗೆ ಬಂದು ಬಲಗೋಡೆ ಹಿಡಿದೆ. ಹಿಂದಿನ ಗೋಡೆಯ ನಡುವೆ ಎರಡು ಗೆರೆಗಳೂ ಒಂದಕ್ಕೊಂದು ಬಂದು ಕೂಡಿಕೊಂಡಾಗ ನನಗೆ ನಾನೇ ಶಹಭಾಸ್ ಹೇಳಿಕೊಂಡೆ. ಸಂಜೆ ಮನೆಯಲ್ಲಿ ಅದರ ವರ್ಣನೆ ಕೇಳಿ ಕೇಳಿ ಯಜಮಾನರು ಸಾರು ಉಕ್ಕಿಸಿದರು.

ಬಾಷಾ ಭಾಯಿ ಯಲಹಂಕದವರು. ಮನೆಯಲ್ಲಿ ದಖನಿ ಉರ್ದು, ಕೆಲಸದಲ್ಲಿ ಕನ್ನಡ, ಕೋಪ ಬಂದರೆ ಮೌನ. ಸಿಮೆಂಟಿನ ನೆಲವನ್ನು ಕನ್ನಡಿಯ ಹಾಗೆ ತಿಕ್ಕಿ ಹೊಳಪಿಸುವುದರಲ್ಲಿ ಆ ಕಡೆಗೆಲ್ಲ ಹೆಸರಾದವರು. ಅವರು ನನ್ನ ಗೆರೆಯನ್ನು ನೋಡಿ, ಯಾರು ಎಳೆದದ್ದೆಂದು ಕೇಳಿ, ನಾನೆಂದು ತಿಳಿದು, ‘ನೀಟಾಗಿದೆ ಮೇಡಂ’ ಎಂದರು. ಎರಡು ದಿನ ನೆಲ ಹಾಕಿ, ಸುತ್ತ ಮಣ್ಣಿನ ಬದು ಕಟ್ಟಿ, ನೆಲ ಬಿರಿಯದಿರಲೆಂದು ನೀರು ನಿಲ್ಲಿಸಿ ಹೋದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಬಾಗಿಲ ಬಳಿ ನೆಲ ಒಣಗಿತ್ತು. ನೀರೆಲ್ಲ ಹೋಗಿ ಹಿಂದಿನ ಗೋಡೆಯ ಕಾಲಬುಡದಲ್ಲಿ, ಲೇತ್ ಕೂರಬೇಕಾದ ಜಾಗದಲ್ಲೇ ಮಡುಗಟ್ಟಿತ್ತು. ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ಹೊಸಿಲ ಬಳಿ ಬಿಟ್ಟೆ. ಅದು ಒಂದು ಕ್ಷಣ ಯೋಚಿಸಿ, ಆಮೇಲೆ ತನಗೆ ದಾರಿ ಗೊತ್ತಿದೆ ಎನ್ನುವ ಹಾಗೆ ಉರುಳುತ್ತಾ ಹೋಗಿ ನೀರಿಗೆ ಬಿತ್ತು. ಲೇತಿಗೆ ನೆಲ ಸಮವಾಗಿರಬೇಕು; ಅದರ ಉದ್ದನೆಯ ಹಾಸು ಒಂದು ಕಡೆ ವಾಲಿ ತಿರುಚಿಕೊಂಡರೆ, ಅದರಲ್ಲಿ ಕಡೆದದ್ದೆಲ್ಲ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಯಂತ್ರ ಬರಲು ಮೂರು ವಾರ ಒಂದು ದಿನ ಉಳಿದಿತ್ತು. ನೆಲ ಒಡೆದು ಮತ್ತೆ ಹಾಕುವುದಕ್ಕೆ ಒಂದು ತಿಂಗಳು ಬೇಕು. ಇಷ್ಟು ವರ್ಷ ಕಾದದ್ದು ಕೈಗೆ ಬಂದೂ ನಿಲ್ಲಲು ಜಾಗವಿಲ್ಲದೆ ಹೋಗುತ್ತದಲ್ಲ ಎಂದು ಅಳು ಬಂತು, ಅಳುವಿನ ಜಾಗದಲ್ಲಿ ಕೋಪ ಹೊರಬಂತು.

ಕಾರಣ ನನಗೆ ಆಗಲೇ ಗೊತ್ತಿತ್ತು. ನಮ್ಮ ಕಡೆ ನೆಲ ಹಾಕುವವರಿಗೆ ಒಂದು ಚಾಳಿಯಿದೆ: ಎಷ್ಟೇ ಬೇಡವೆಂದರೂ ಅವರ ಕೈ ತಾನಾಗಿಯೇ ನೆಲಕ್ಕೊಂದು ಇಳಿಜಾರು ಕೊಟ್ಟುಬಿಡುತ್ತದೆ. ತಲೆತಲಾಂತರದಿಂದ ಬಕೆಟ್ಟುಗಟ್ಟಲೆ ನೀರು ಸುರಿದು ನೆಲ ತೊಳೆದ ಹೆಂಗಸರಿಗಾಗಿ ಕಲಿತ ಕೈ ಅದು. ಬಾಷಾ ಭಾಯಿಯನ್ನು ಕರೆಸಿದೆ. ಅವರ ಇಬ್ಬರು ಕೆಲಸಗಾರರ ಎದುರಿಗೇ, ತರಗತಿಯ ದನಿಯಲ್ಲಿ, ಅಳತೆ ಗೊತ್ತಿಲ್ಲದವರು ಇಂಥ ಕೆಲಸ ಒಪ್ಪಿಕೊಳ್ಳಬಾರದು ಎಂದೆ.

ಅವರ ಮುಖ ಕೆಂಪಾಯಿತು. ‘ನೀರ್ ಹೋಗಕ್ಕೆ ಅಂತ ಕೊಟ್ಟಿದ್ರೆ ಬಾಗ್ಲು ಕಡೆ ಕೊಡ್ತಿದ್ದೆ ಮೇಡಂ. ಗೋಡೆ ಕಡೆ ಯಾರಾದ್ರೂ ಕೊಡ್ತಾರಾ? ಗೆರೆಯಿಂದ ಎಲ್ಲಾ ಕಡೆ ಒಂದೇ ಅಳತೆ ಇಟ್ಟಿದೀನಿ, ಟೇಪ್ ಹಿಡಿದು ನೋಡ್ಕೊಳ್ಳಿ’ ಎಂದರು. ಎಷ್ಟು ಸರಳವಾದ ಮಾತು! ಆದರೆ ಕೋಪದಲ್ಲಿರುವ ಮೇಷ್ಟರಿಗೆ ಸರಳವಾದದ್ದು ಕೇಳಿಸುವುದಿಲ್ಲ. ನಾನು ಟೇಪ್ ಹಿಡಿಯಲಿಲ್ಲ. ಅವರು, ‘ಮೇಸ್ತ್ರಿನ ಕರೀರಿ. ಅವ್ರು ಹೇಳ್ದಂಗೆ’ ಎಂದು ಹೊರಗೆ ಹೋಗಿ ಮರಳಿನ ಗುಡ್ಡೆಯ ಮೇಲೆ ಕುಳಿತರು. ಗಾಡಿ ಹತ್ತಿ ಹೋಗಿಬಿಡಬಹುದಿತ್ತು. ಹೋಗಲಿಲ್ಲ ಎಂಬುದನ್ನು ಆಗ ನಾನು ಗಮನಿಸಲಿಲ್ಲ.

ಮುನಿರಾಜಪ್ಪ ನಾಮಕರಣದ ಹೊಸ ಪಂಚೆಯಲ್ಲೇ ಬಂದರು, ಹೆಗಲ ಮೇಲೆ ಕೊಳವೆ. ನೀರು ತುಂಬಿಸಿ, ಗಾಳಿ ಬಿಡಿಸಿ, ಬಾಗಿಲ ಪಕ್ಕದ ನನ್ನ ಗೆರೆಯ ಬಳಿ ಒಂದು ತುದಿ ತಾವು ಹಿಡಿದು, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ‘ಎಬ್ಬೆಟ್ಟು ಒತ್ತಿಟ್ಕಂಡು ಓಗಿ ಕಣಮ್ಮ, ನೀರು ಚೆಲ್ಲಬಾರ್ದು. ಅಲ್ಲಿ ಓಗಿ ಬುಡಿ.’ ನೆಲದ ನೀರಿನಲ್ಲಿ ಪಚಪಚ ಹೆಜ್ಜೆಯಿಟ್ಟು ಹಿಂದಿನ ಗೋಡೆಗೆ ಹೋಗಿ, ನನ್ನ ಪೆನ್ಸಿಲಿನ ಗೆರೆಗೆ ಕೊಳವೆ ಒತ್ತಿ ಹಿಡಿದು ಹೆಬ್ಬೆರಳು ತೆಗೆದೆ. ನೀರು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ‘ನಿಂತ್ಕಂತಾ?’ ಎಂದು ಅತ್ತಲಿಂದ ಕೂಗಿದರು. ‘ಇಲ್ಲ’ ಎಂದೆ. ಮೂವತ್ತು ಅಡಿ ದೂರದಲ್ಲಿ ಅವರ ಕೈ ಸ್ವಲ್ಪ ಅಲುಗಿದರೆ ನನ್ನ ಬೆರಳ ಬಳಿ ನೀರು ಅಲುಗುತ್ತಿತ್ತು. ‘ಈಗ?’ ಎಂದರು. ಈಗ ನಿಂತಿತ್ತು. ನನ್ನ ಗೆರೆಯ ಮೇಲಲ್ಲ. ಅದಕ್ಕಿಂತ ಒಂದೂಕಾಲು ಇಂಚು ಮೇಲೆ.

ಹಾಗೆ ನಿಂತ ನೀರನ್ನು ನೋಡುತ್ತಾ ನಿಂತಾಗ ನನಗೆ ಎಲ್ಲವೂ ಒಂದೇ ಸಲ ಅರ್ಥವಾಯಿತು. ಪ್ರತಿ ಅಡಿಗೂ ನಾನು ಮಟ್ಟದ ತಳವನ್ನು ಹಿಂದಿನ ಗೆರೆಯ ಕೆಳ ಅಂಚಿಗೆ ತಾಗಿಸಿ, ಆ ತಳದ ಕೆಳಗೆ ಹೊಸ ಗೆರೆ ಎಳೆದಿದ್ದೆ. ಗುಳ್ಳೆ ಪ್ರತಿ ಸಲವೂ ಸತ್ಯವನ್ನೇ ಹೇಳಿತ್ತು; ಆದರೆ ಪ್ರತಿ ಸಲವೂ ಗೆರೆ ಒಂದು ಪೆನ್ಸಿಲಿನ ದಪ್ಪದಷ್ಟು ಕೆಳಗಿಳಿದಿತ್ತು. ಮೂವತ್ತು ಅಡಿಗೆ ಮೂವತ್ತು ಸಲ. ಎಡಗೋಡೆಯಲ್ಲಿ ಇಳಿದಷ್ಟೇ ಬಲಗೋಡೆಯಲ್ಲೂ ಇಳಿದು, ಎರಡೂ ತಪ್ಪುಗಳು ಹಿಂದಿನ ಗೋಡೆಯಲ್ಲಿ ನೀಟಾಗಿ ಕೈಕುಲುಕಿದ್ದವು. ತುಂಡು ತುಂಡಾಗಿ ಅಳೆದರೆ ತಪ್ಪು ಕೂಡುತ್ತಾ ಹೋಗುತ್ತದೆ, ಒಂದೇ ಮೂಲದಿಂದ ಅಳೆಯಿರಿ ಎಂದು ಮೂವತ್ತೊಂದು ವರ್ಷ ಪ್ರತಿ ಜುಲೈನಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದವಳು ನಾನು. ಅದಕ್ಕೆ ಅಡಿಗೆರೆ ಬೇರೆ ಎಳೆಯುತ್ತಿದ್ದೆ.

ಮುನಿರಾಜಪ್ಪ ನಡೆದು ಬಂದರು. ನೀರು ನೋಡಿದರು, ಗೆರೆ ನೋಡಿದರು. ಅಲ್ಲಿಯವರೆಗೆ ಅವರು ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ, ಅವತ್ತು ಕೇಳಿದರು: ‘ಯಾರಮ್ಮ ಇದು ಮಾಡಿದ್ದು?’

ಬಾಗಿಲಲ್ಲಿ ಬಾಷಾ ಭಾಯಿಯೂ ಅವರ ಇಬ್ಬರು ಕೆಲಸಗಾರರೂ ಬಂದು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬಾಷಾ ಭಾಯಿ, ‘ಯಾರೋ ಎಳೆದಿದಾರೆ ಬಿಡಣ್ಣ. ಈಗ ಏನ್ ಮಾಡೋದು ಅದನ್ನ ನೋಡು’ ಎಂದರು. ಅರ್ಧ ಗಂಟೆಯ ಹಿಂದೆ ನಾನು ಅವರಿಗೆ ಆಡಿದ ಮಾತು ಇನ್ನೂ ಆ ಕೋಣೆಯಲ್ಲೇ ಇತ್ತು. ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರೆಮಾಡಿದ್ದು ತಡೆಯಲಾಗಲಿಲ್ಲ.

‘ನಾನು ಎಳೆದಿದ್ದು ಮೇಸ್ತ್ರಿ’ ಎಂದೆ. ‘ನೆಲದ್ದು ತಪ್ಪಿಲ್ಲ. ತಪ್ಪು ನಂದು. ಬಾಷಾ ಭಾಯ್, ಇವರಿಬ್ಬರ ಮುಂದೆ ನಿಮಗೆ ಅಂದೆನಲ್ಲ, ಇವರ ಮುಂದೇನೇ ಹೇಳ್ತಿದ್ದೀನಿ, ನಾನು ಹಾಗೆ ಅನ್ನಬಾರದಿತ್ತು. ಕ್ಷಮಿಸಿ.’ ಅಷ್ಟು ವರ್ಷ ಪಾಠ ಮಾಡಿದೆ, ಒಂದು ಸಲವೂ ಒಂದು ತರಗತಿಯ ಎದುರು ತಪ್ಪು ನನ್ನದೆಂದು ಹೇಳಿರಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ ಎಂದಲ್ಲ. ನಾಚಿಕೆಯಾಯಿತು, ಅದರ ಬೆನ್ನಿಗೇ, ಬಿಗಿಯಾದ ಚಪ್ಪಲಿ ಕಳಚಿದ ಹಾಗೆ ಹಗುರವೂ ಆಯಿತು.

ಬಾಷಾ ಭಾಯಿ ನೆಲವನ್ನೇ ನೋಡುತ್ತಾ ತಲೆ ಕೆರೆದುಕೊಂಡರು. ‘ಬಿಡಿ ಮೇಡಂ. ನಮ್ ಕೆಲಸದಲ್ಲಿ ಇಂಥದು ಎಷ್ಟೋ. ಇಡೀ ನೆಲ ಯಾಕೆ ಒಡೀಬೇಕು? ಮೆಷೀನ್ ಕೂರೋ ಜಾಗ ಅಷ್ಟೇ ಕಟ್ ಮಾಡಿ, ಕೆಳಗಿಂದ ಕಂಬಿ ಹಾಕಿ, ಗೇಣೆತ್ತರ ಒಂದು ಕಟ್ಟೆ ಎತ್ತೋಣ. ಕಟ್ಟೆ ಮಟ್ಟ ಇದ್ರೆ ಸಾಕಲ್ವಾ?’ ಸಾಕು ಎಂದಲ್ಲ, ಅದೇ ಸರಿ. ಭಾರದ ಯಂತ್ರಕ್ಕೆ ನೆಲದಿಂದ ಬೇರೆಯಾದ ಅದರದೇ ಬುನಾದಿ ಇರಬೇಕೆಂದು ನನ್ನ ಪಠ್ಯಪುಸ್ತಕದಲ್ಲೇ ಇತ್ತು. ಅದನ್ನು ಬಾಷಾ ಭಾಯಿ ಓದಿರಲಿಲ್ಲ. ನಾನು ಓದಿ ಮರೆತಿದ್ದೆ. ಆ ದಿನವೇ ನೆಲ ಕತ್ತರಿಸಿದರು. ಮುನಿರಾಜಪ್ಪ ಪಂಚೆ ಎತ್ತಿಕಟ್ಟಿದರು. ಕಟ್ಟೆಯ ನಾಲ್ಕು ಮೂಲೆಗೂ ಕೊಳವೆ ಹಿಡಿಯುವಾಗ ಆ ತುದಿ ಪ್ರತಿ ಸಲವೂ ನನ್ನ ಕೈಯಲ್ಲೇ ಇತ್ತು. ಮೂರು ವಾರ ಅದಕ್ಕೆ ಬೆಳಿಗ್ಗೆ ಸಂಜೆ ನಾನೇ ನೀರು ಹಾಕಿದೆ, ಹಸಿ ಗೋಣಿ ಹೊದಿಸಿದೆ.

ತಿಂಗಳ ಕೊನೆಯ ದಿನ ಕ್ರೇನಿನಲ್ಲಿ ತೂಗುತ್ತಾ ಯಂತ್ರ ಬಂತು. ಕಟ್ಟೆಯ ಮೇಲೆ ಇಳಿಯಿತು. ಅದರ ಹಾಸಿನ ಮೇಲೆ ನನ್ನ ರಸಮಟ್ಟವನ್ನು ಇಟ್ಟೆ. ಒಂದಡಿಯ ವಿಷಯದಲ್ಲಿ ಅದರಷ್ಟು ನಂಬಿಕಸ್ಥರು ಈಗಲೂ ಇನ್ನೊಬ್ಬರಿಲ್ಲ. ತಳದ ತಿರುಪುಗಳನ್ನು ಒಂದೆರಡು ಸುತ್ತು ತಿರುಗಿಸುವಷ್ಟರಲ್ಲಿ ಗುಳ್ಳೆ ನಡುವಿಗೆ ಬಂದು ಕೂತಿತು. ಬಾಷಾ ಭಾಯಿ ಬಗ್ಗಿ ನೋಡಿ ಮೀಸೆಯಲ್ಲೇ ನಕ್ಕರು. ಮುನಿರಾಜಪ್ಪ ಹೊರಡುವಾಗ ಕೊಳವೆಯನ್ನು ಸುತ್ತಿ ನನ್ನ ಕೈಗಿಟ್ಟರು. ‘ನಂಗೆ ಇನ್ನೊಂದೈತೆ. ಇದು ನೀವ್ ಇಟ್ಕಳಿ. ಆದ್ರೆ ಒಬ್ರೇ ಇಡ್ಯಕ್ಕೆ ಓಗ್ಬೇಡಿ, ಆಗಲ್ಲ. ಆ ಕಡೀಕೆ ಒಬ್ರು ಬೇಕು.’

ಉಳಿದ ನೆಲ ಹಾಗೆಯೇ ಇದೆ. ಹಿಂದಿನ ಗೋಡೆಗೊಂದು ತೂತು ಕೊರೆಸಿದ್ದೇನೆ. ನೆಲ ತೊಳೆದರೆ ನೀರು ಅಲ್ಲಿಂದ ಹೊರಗಿನ ಕರಿಬೇವಿನ ಗಿಡಕ್ಕೆ ಹೋಗುತ್ತದೆ, ಗಿಡ ಚೆನ್ನಾಗಿ ಬಂದಿದೆ. ಕೈಜಾರಿ ಬಿದ್ದ ಗುಂಡುಗಳನ್ನು ನಾನು ಹುಡುಕುವುದಿಲ್ಲ. ಎಲ್ಲ ಹೋಗಿ ಒಂದೇ ಕಡೆ ಕೂತಿರುತ್ತವೆ.

ಮೊನ್ನೆ ಗೋಡೆಗೆ ಉದ್ದನೆಯ ಹಲಗೆಗಳ ಸಾಲು ಹೊಡೆಯಲು ಹೊಸ ಬಡಗಿಯೊಬ್ಬರು ಬಂದರು. ಕೈಚೀಲ ಇಡುವ ಮುಂಚೆ ಸೊಂಟದ ಮೇಲೆ ಕೈಯಿಟ್ಟು ನೆಲವನ್ನು ನೋಡಿ ಲೊಚಗುಟ್ಟಿದರು. ‘ಯಾರ್ ಮೇಡಂ ಈ ನೆಲ ಮಾಡಿದ್ದು? ಹಿಂಗೆ ವಾಲಿದೆಯಲ್ಲ!’ ಅದು ಪ್ರಶ್ನೆಯಲ್ಲವೆಂದು ಗೊತ್ತಿದ್ದೂ ಉತ್ತರ ಕೊಟ್ಟೆ: ‘ವಾಲಿಸಿದ್ದು ನಾನು. ಹೊಳಪು ಬಾಷಾ ಭಾಯಿದು.’ ಅವರು ತಬ್ಬಿಬ್ಬಾಗಿ ತಮ್ಮ ಚೀಲದಲ್ಲಿ ಮಟ್ಟ ಹುಡುಕತೊಡಗಿದರು. ನಾನು ಗೋಡೆಯಿಂದ ಕೊಳವೆ ಇಳಿಸಿ, ನೀರು ತುಂಬಿಸಿ, ಗಾಳಿ ಬಿಡಿಸಿ, ಒಂದು ತುದಿ ಅವರ ಕೈಗೆ ಕೊಟ್ಟು ದೂರದ ಗೋಡೆಗೆ ಕಳಿಸಿದೆ. ಅವಸರದ ಮನುಷ್ಯ, ಹೆಬ್ಬೆರಳು ತೆಗೆದ ಕೂಡಲೇ, ‘ನಿಂತ್ಕೊಂತಾ ಮೇಡಂ?’ ಎಂದು ಕೂಗಿದರು.

ನನ್ನ ಬೆರಳ ಬಳಿ ನೀರು ಇನ್ನೂ ಏರಿಳಿಯುತ್ತಿತ್ತು.

‘ಇನ್ನೂ ಇಲ್ಲ’ ಎಂದೆ. ‘ತಾಳಿ, ನಿಲ್ಲುತ್ತೆ.’